ವೀಸಾ ಅತ್ತೆ ಕೈಬಿಟ್ಟ ತುದಿ

ಟೈಲರಮ್ಮ ವೀಸಾ ಅತ್ತೆಯನ್ನು ಮೊದಲ ಸಲ ಕಂಡದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಹಬೆಯ ನಡುವೆ. ಮೇಲೆ ವಾರ್ಡುಗಳು, ಕೆಳಗೆ ವಾರ್ಡುಗಳ ಬಟ್ಟೆ ಒಗೆಯುವ ಲಾಂಡ್ರಿ. ಸೂಪರ್‌ವೈಸರ್ ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಅಲ್ಲಿ ಕನ್ನಡಕದವರು ಇದ್ದಾರಲ್ಲ, ಅವರು ಹೇಳಿದ ಹಾಗೆ ಮಾಡು" ಎಂದು ಹೋಗಿಬಿಟ್ಟ. ಉದ್ದನೆಯ ಮೇಜಿನ ಆಚೆ ಒಬ್ಬ ಕುಳ್ಳಗಿನ, ಗಟ್ಟಿಮುಟ್ಟಾದ ಹೆಂಗಸು ನಿಂತಿದ್ದರು. ಕೂದಲೆಲ್ಲ ಬಿಳಿ ಟೋಪಿಯೊಳಗೆ, ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು, ಹಬೆ ಕಟ್ಟಿದ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕೊರಳಿನ ಗುರುತಿನ ಚೀಟಿ ಯಂತ್ರಕ್ಕೆ ಸಿಕ್ಕಬಾರದೆಂದು ಅದನ್ನು ಎದೆಯ ಜೇಬಿಗೆ ತುರುಕಿಕೊಂಡಿದ್ದರು. ಅವರು ಒಂದು ಬಿಸಿ ಬೆಡ್‌ಶೀಟನ್ನು ಒದರಿ, ಅದರ ಎರಡು ಮೂಲೆಗಳನ್ನು ಇವಳತ್ತ ಚಾಚಿದರು.

"ಹಿಡ್ಕೋ. ಎಳೀಬೇಡ. ನಾನು ಹೆಜ್ಜೆ ಇಟ್ಟಾಗ ನೀನೂ ಇಡು. ಇಲ್ಲಾಂದ್ರೆ ಎತ್ತು ಏರಿಗೆ, ಕೋಣ ನೀರಿಗೆ ಆಗತ್ತೆ."

ಇಬ್ಬರೂ ಹತ್ತಿರ ಬಂದರು. ಮೂಲೆಗೆ ಮೂಲೆ ಸೇರಿತು. ಅತ್ತೆ ಅವಳ ಕೈಯಿಂದ ಮೂಲೆಗಳನ್ನು ತೆಗೆದುಕೊಂಡರು, ಅವಳು ಬಗ್ಗಿ ಕೆಳಗಿನ ಮಡಿಕೆ ಹಿಡಿದಳು. ಮತ್ತೆ ದೂರ, ಮತ್ತೆ ಹತ್ತಿರ. ಮೂರನೇ ಸಲ ಮುಖಾಮುಖಿಯಾದಾಗ ಅತ್ತೆ ಕೇಳಿದರು, "ಯಾವ ವೀಸಾ?"

ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಟೈಲರಮ್ಮ ತಡಬಡಾಯಿಸಿ, "ವೀಸಾ ಇದೆ" ಎಂದಳು. ಅದೇನೋ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಉತ್ತರವೇ. ಆದರೆ ಅವಳ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಮುದ್ರೆ ಇತ್ತು, ವಿಮಾನದಿಂದ ಇಳಿದು ಎಲ್ಲರ ಜೊತೆ ಸಾಲಿನಲ್ಲಿ ನಿಂತೇ ಬಂದಿದ್ದಳು.

ತಾಯ್ನಾಡಿನಲ್ಲಿ ಅವಳು ಟೈಲರ್ ಆಗಿದ್ದವಳು. ಗಂಡ ಇಲ್ಲಿನ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಅವನು ಕೆಲಸಕ್ಕೆ ಹೋದ ಮೇಲೆ ಒಂದೇ ಕೋಣೆ, ಒಂದು ಕಿಟಕಿ, ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಪರದೆಗಳನ್ನು ಬಿಚ್ಚಿ ಮತ್ತೆ ಹೊಲಿದಳು, ಗಂಡನ ಅಂಗಿಗಳ ಗಟ್ಟಿಯಿದ್ದ ಗುಂಡಿಗಳನ್ನೂ ಕಿತ್ತು ಮತ್ತೆ ಹೊಲಿದಳು. ಕೈಗೆ ಕೆಲಸವಿಲ್ಲದೆ ತನಗೆ ಹುಚ್ಚು ಹಿಡಿಯುತ್ತದೆ ಎಂದು ಅವಳಿಗೆ ಅನ್ನಿಸಿದ್ದು ಆಗಲೇ. ಆಸ್ಪತ್ರೆಯ ಹಿಂಬಾಗಿಲಿನಲ್ಲಿ 'ಕೆಲಸಗಾರರು ಬೇಕು' ಎಂಬ ಬೋರ್ಡು ಕಂಡು ಒಳಗೆ ಬಂದಿದ್ದಳು. ಸೂಪರ್‌ವೈಸರ್ ಅವಳ ಕೈ ನೋಡಿದನೇ ಹೊರತು ಕಾಗದ ನೋಡಲಿಲ್ಲ.

ಲಾಂಡ್ರಿಯಲ್ಲಿ ಅತ್ತೆಗೆ ಆ ಹೆಸರು ಬಂದದ್ದು ಹೊಸಬರಿಗೆಲ್ಲ ಅವರು ಕೇಳುತ್ತಿದ್ದ ಆ ಮೊದಲ ಪ್ರಶ್ನೆಯಿಂದಲೇ. ಇಸ್ತ್ರಿಯ ದೊಡ್ಡ ಉರುಳೆಗೆ ಬಟ್ಟೆ ಕೊಡುತ್ತಿದ್ದ ಹಾಡುಗಾರನೇ ಆ ಹೆಸರಿಟ್ಟವನು. ಅವನು ದಿನವಿಡೀ ಅರ್ಧ ನೆನಪಿದ್ದ ಹಾಡುಗಳನ್ನು ಗುನುಗುತ್ತಿದ್ದ. ಅವನ ವೀಸಾದ ಅವಧಿ ಮುಗಿದು ಬಹಳ ಕಾಲವಾಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು.

"ಅತ್ತೆ, ಹಕ್ಕಿಗೆ ಯಾವ ವೀಸಾ ಹೇಳಿ?" ಎಂದು ಅವನು ಕೆಣಕುತ್ತಿದ್ದ.

"ಹಕ್ಕಿ ಸಂಬಳ ಕೇಳಲ್ಲ ಕಣೋ, ರಜಾನೂ ಕೇಳಲ್ಲ. ನೀನೂ ಕೇಳಲ್ಲ, ಕೇಳೋ ಹಾಗಿಲ್ಲ. ಅದಕ್ಕೇ ಸೂಪರ್‌ವೈಸರಿಗೆ ನೀನು ಅಂದ್ರೆ ಪ್ರಾಣ."

"ಹಾಗಾದ್ರೆ ನಾನು ಕಳ್ಳನಾ?"

"ಕಳ್ಳ ಅಂತ ಯಾರಂದ್ರು? ನೀನು ಅವಸರದವನು. ಅವಸರದವರು ಯಾವಾಗ ಸಿಗ್ತಾರೆ ಅಂತ ಕಾದು ಕೂತಿರ್ತಾರಲ್ಲ, ಅವರು ಕಳ್ಳರು."

ಅತ್ತೆಯ ಈ ಮಾತಿನ ಹಿಂದೆ ಒಂದು ಕತೆಯಿತ್ತು. ಮೊದಲ ಸಲ ಅವರು ಈ ದೇಶಕ್ಕೆ ಬಂದದ್ದು ನೋಡಿಹೋಗುವವರ ವೀಸಾದಲ್ಲಿ. ಅಲ್ಲಿಗೆ ಹೋದಮೇಲೆ ಕೆಲಸದ ವೀಸಾಗೆ ಬದಲಾಯಿಸಿಕೊಳ್ಳಬಹುದು ಎಂದು ಏಜೆಂಟ್ ನಂಬಿಸಿದ್ದ. ಒಂದು ಮನೆಯಲ್ಲಿ ಕಸಮುಸುರೆಗೆ ಸೇರಿದರು. ಒಮ್ಮೆ ಜ್ವರ ಬಂದು ರಜೆ ಕೇಳಿದಾಗ ಮನೆಯೊಡತಿ ನಗುತ್ತಲೇ ಕೇಳಿದಳಂತೆ: "ಹೋಗಿ ಯಾರಿಗೆ ಹೇಳ್ತೀಯ?" ಗಡುವು ಮುಗಿಯುವ ಮೊದಲೇ ಅತ್ತೆ ಗಂಟು ಕಟ್ಟಿಕೊಂಡು ವಾಪಸು ಹೋದರು. "ವಿಮಾನ ನೋಡೋಕೆ ಹೋಗಿದ್ಲು" ಎಂದು ಓರಗಿತ್ತಿಯರು ನಕ್ಕರು. ಅತ್ತೆ ವರ್ಷಗಟ್ಟಲೆ ಕಾದರು, ಕೆಲಸದ ವೀಸಾ ಹಿಡಿದೇ ಮತ್ತೆ ಬಂದರು.

"ನಂಗೆ ಪೊಲೀಸ್ ಭಯ ಇಲ್ಲ" ಎಂದು ಅವರು ಟೈಲರಮ್ಮನಿಗೆ ಹೇಳಿದ್ದರು. "ಆ ಮಾತನ್ನ ಇನ್ನೊಂದ್ಸಲ ಕೇಳಿಸ್ಕೋಬೇಕಲ್ಲ ಅನ್ನೋ ಭಯ."

ಒಂದು ದಿನ ಚಹಾದ ಹೊತ್ತಿಗೆ ಟೈಲರಮ್ಮ ಮಾತಿಗೆ ಮಾತು ಬಂದು, "ನಮ್ಮವರ ವೀಸಾದಲ್ಲೇ ನಂದೂ ಇರೋದು" ಎಂದಳು. ಅತ್ತೆ ಲೋಟ ಕೆಳಗಿಟ್ಟರು.

"ಗಂಡನ ಜೊತೆ ಇರೋಕೆ ಕೊಟ್ಟ ವೀಸಾನಾ? ಅದರಲ್ಲಿ ಕೆಲಸ ಮಾಡೋ ಹಾಗಿಲ್ಲ."

"ನಾನೇನು ಕಳ್ಳದಾರೀಲಿ ಬಂದವಳಲ್ಲ ಅತ್ತೆ."

"ಬಂದದ್ದು ಸರಿ. ಇರೋದೂ ಸರಿ. ಮಾಡ್ತಿರೋದು ಸರಿ ಇಲ್ಲ. ನಾಳೆ ಗೊತ್ತಾದ್ರೆ ನಿನ್ನ ಮುದ್ರೆ ಮಾತ್ರ ಅಲ್ಲ, ಕ್ರೇನ್ ಮೇಲೆ ಕೂತಿರೋನದ್ದೂ ಹೋಗತ್ತೆ."

ಚಹಾ ಮುಗಿಸಿ ಮೇಜಿನ ಬಳಿ ಬಂದು ಟೈಲರಮ್ಮ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ನಿಂತಳು. ಅತ್ತೆ ತಮ್ಮ ಕಡೆಯ ತುದಿಯನ್ನು ಕೈಬಿಟ್ಟರು. ಬಟ್ಟೆ ನೆಲಕ್ಕೆ ಬಿತ್ತು. ಅತ್ತೆ ಅದನ್ನು ಎತ್ತಿ ಒಗೆಯುವ ಬುಟ್ಟಿಗೆ ಹಾಕಿ, ಏನೂ ಆಗಿಲ್ಲವೆಂಬಂತೆ ತಲೆದಿಂಬಿನ ಚೀಲಗಳನ್ನು ಒಬ್ಬರೇ ಮಡಚತೊಡಗಿದರು. ಬೆಡ್‌ಶೀಟಿನಷ್ಟು ದೊಡ್ಡ ಬಟ್ಟೆಯನ್ನು ಒಬ್ಬರೇ ಮಡಚಲಾಗದು. ಎದುರಿನವರು ಹಿಡಿಯದಿದ್ದರೆ ಆ ಮೇಜಿನಲ್ಲಿ ಕೆಲಸವೇ ಇಲ್ಲ.

ಟೈಲರಮ್ಮನ ಕಣ್ಣು ತುಂಬಿತು. "ನನ್ನ ಅನ್ನಕ್ಕೆ ಕಲ್ಲು ಹಾಕ್ತೀರಲ್ಲ ಅತ್ತೆ."

"ಅನ್ನ ನಿನ್ನ ಗಂಡ ತರ್ತಾನೆ. ಅದಕ್ಕೆ ಕಲ್ಲು ಬೀಳದೆ ಇರ್ಲಿ ಅಂತ್ಲೇ."

ಸಂಜೆ ಗಂಡ ಇದನ್ನು ಕೇಳಿ, "ಎಲ್ಲಾ ಮಾಡ್ತಾರೆ, ಯಾರು ನೋಡ್ತಾರೆ?" ಎಂದ. ಆದರೆ ಅದನ್ನು ಹೇಳುವಾಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಮರುದಿನ ಟೈಲರಮ್ಮ ಹಟ ಮಾಡಿಕೊಂಡೇ ಬಂದಳು. ಸೂಪರ್‌ವೈಸರ್ ಅವಳನ್ನು ಉರುಳೆಯ ಕಡೆ ಹಾಕಿದ. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಎಂದು ಹಾಡುಗಾರ ನಗುತ್ತ ಜಾಗ ಬಿಟ್ಟ.

ಅದೇ ವಾರ, ಸುಕ್ಕಾದ ಬಟ್ಟೆಯನ್ನು ಸರಿಮಾಡಲು ಹೋದ ಹಾಡುಗಾರನ ಮುಂಗೈ ಬಿಸಿ ಉರುಳೆಗೆ ಒತ್ತಿಹೋಯಿತು. ಹಾಡು ನಿಂತದ್ದರಿಂದಲೇ ಎಲ್ಲರೂ ತಿರುಗಿ ನೋಡಿದ್ದು. ಚರ್ಮ ಬೆಳ್ಳಗಾಗಿ ಎದ್ದಿತ್ತು. ಸೂಪರ್‌ವೈಸರ್ ಓಡಿಬಂದು, "ತಣ್ಣೀರು ಹಾಕು, ಮನೆಗೆ ಹೋಗು" ಎಂದ.

"ಮೇಲೆ ಆಸ್ಪತ್ರೆ ಇದೆಯಲ್ಲ" ಎಂದಳು ಟೈಲರಮ್ಮ.

"ಮೇಲೆ ಹೋದ್ರೆ ಎಲ್ಲಿ ಸುಟ್ಕೊಂಡೆ ಅಂತ ಕೇಳ್ತಾರೆ" ಎಂದ ಸೂಪರ್‌ವೈಸರ್. ಅವನು ನೋಡುತ್ತಿದ್ದುದು ಹಾಡುಗಾರನನ್ನಲ್ಲ, ಅವಳನ್ನು. ಅಲ್ಲಿಯವರೆಗೆ ತಾನು ಬೇರೆ, ಹಾಡುಗಾರ ಬೇರೆ ಎಂದು ಅವಳು ಅಂದುಕೊಂಡಿದ್ದಳು. ಆ ನೋಟದಲ್ಲಿ ಇಬ್ಬರೂ ಒಂದೇ ಬುಟ್ಟಿಗೆ ಬಿದ್ದಿದ್ದರು.

ಅಷ್ಟರಲ್ಲಿ ಅತ್ತೆ ಹಾಡುಗಾರನ ಇನ್ನೊಂದು ಕೈ ಹಿಡಿದಾಗಿತ್ತು. "ಬೇಡ ಅತ್ತೆ" ಎಂದ ಅವನು.

"ವೀಸಾ ಕೆಲಸಕ್ಕೆ ಬೇಕು ಕಣೋ, ಸುಟ್ಟಗಾಯಕ್ಕಲ್ಲ. ನಡಿ."

ಟೈಲರಮ್ಮ ಲಿಫ್ಟಿನ ಬಾಗಿಲು ಹಿಡಿದಳು. ಮೇಲೆ ನರ್ಸ್ ಅವನನ್ನು ಒಂದು ಹಾಸಿಗೆಯ ಮೇಲೆ ಕೂರಿಸಿದಳು. ಅದಕ್ಕೆ ಹೊದಿಸಿದ್ದ ಬಟ್ಟೆಯಲ್ಲಿ ಅತ್ತೆಯ ಮಡಿಕೆಯ ಗೆರೆಗಳು ಇನ್ನೂ ನೆಟ್ಟಗೆ ಎದ್ದು ಕಾಣುತ್ತಿದ್ದವು. ಗಾಯ ತೊಳೆದರು, ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು, ಹೆಸರು ಕೇಳಿದರು. ಯಾವ ಪೊಲೀಸೂ ಬರಲಿಲ್ಲ. ಆದರೆ ನಾಳೆಯಿಂದ ಬರಬೇಡವೆಂದು ಸೂಪರ್‌ವೈಸರ್ ಹೇಳಿದ. ಕೂಲಿಕಾರರಿಗೆ ನೆರವು ಕೊಡುವ ಕಚೇರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅತ್ತೆ ಅಂಗಲಾಚಿದರು. ಹಾಡುಗಾರ ಒಪ್ಪಲಿಲ್ಲ.

"ಕೈ ಉಳೀತು, ಕೆಲಸ ಹೋಯ್ತು" ಎಂದು ನಗಲು ನೋಡಿದ. "ಹೋಗಿ ಯಾರಿಗೆ ಹೇಳಲಿ ಅತ್ತೆ?"

ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಟೈಲರಮ್ಮ ತನ್ನ ಏಪ್ರನ್ ಬಿಚ್ಚಿ, ನೀಟಾಗಿ ಮಡಚಿ ಅತ್ತೆಯ ಪಕ್ಕದಲ್ಲಿಟ್ಟಳು.

"ನಾಳೆ ಬರಲ್ಲ ಅತ್ತೆ. ನನ್ನ ಹೆಸರಲ್ಲೇ ಕೆಲಸದ ವೀಸಾ ಬೇಕು ಅಂದ್ರೆ ಏನು ಮಾಡ್ಬೇಕು?"

ಅತ್ತೆ ಕನ್ನಡಕ ಒರೆಸಿಕೊಂಡು ಎದ್ದರು. ಇಬ್ಬರೂ ನೇರ ಸೂಪರ್‌ವೈಸರ್ ಕೋಣೆಗೆ ಹೋದರು.

"ಇವಳ ಮಡಿಕೆ ನೋಡಿದ್ದೀರಿ. ಮೇಲಿನವರಿಗೆ ಹೇಳಿ ಇವಳ ಹೆಸರಲ್ಲಿ ಅರ್ಜಿ ಹಾಕ್ಸಿ" ಎಂದರು ಅತ್ತೆ.

ಸೂಪರ್‌ವೈಸರ್ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು. "ಅದು ತಿಂಗಳುಗಟ್ಟಲೆ ಎಳೆಯತ್ತೆ. ಅಲ್ಲೀತನಕ ನಿಮ್ಮ ಮೇಜಿಗೆ ಜೊತೆ ಯಾರು? ಸುಮ್ನೆ ಬರ್ಲಿ ಬಿಡಿ, ನಾನೇನು ಕೇಳಿದ್ನಾ?"

"ನೀವು ಕೇಳಲ್ಲ ಅಂತಾನೇ ನಾನು ಕೇಳೋದು. ಜೊತೆ ಬೇಡ. ಒಬ್ಬಳೇ ಮಡಚ್ತೀನಿ. ಕಾಗದ ಇದ್ದವರು ನಾಳೆ ಓಡಿಹೋಗಲ್ಲ ಸ್ವಾಮಿ, ನಿಮಗೂ ಒಳ್ಳೇದೇ."

ಅವನು ನಂಬಲಿಲ್ಲ. ಮರುದಿನ ಅತ್ತೆ ಗೋಡೆಗೆ ಎರಡು ಕೊಕ್ಕೆ ಹೊಡೆಸಿ, ಬೆಡ್‌ಶೀಟಿನ ಎರಡು ಮೂಲೆಗಳನ್ನು ಅದಕ್ಕೆ ಸಿಕ್ಕಿಸಿ, ಎದುರಿನಿಂದ ತಾವೇ ಹಿಡಿದು ಮಡಚತೊಡಗಿದರು. ಹೋಗುವುದು, ಬರುವುದು, ಬಗ್ಗುವುದು ಎಲ್ಲ ಅವರದೇ. ಮೊಣಕಾಲಿಗೆ ಪಟ್ಟಿ ಬಂತು. "ಅತ್ತೆ ಗೋಡೆ ಜೊತೆ ಸಂಸಾರ ಹೂಡಿದ್ದಾರೆ" ಎಂದು ಹುಡುಗಿಯರು ನಕ್ಕರು. "ಗೋಡೆ ಎದುರು ಮಾತಾಡಲ್ಲ ಕಣ್ರೇ, ನಿಮ್ಮ ಮಾವನಿಗಿಂತ ಎಷ್ಟೋ ಮೇಲು" ಎಂದರು ಅತ್ತೆ. ಎರಡನೇ ವಾರಕ್ಕೆ ಸೂಪರ್‌ವೈಸರ್ ಆ ಕೊಕ್ಕೆಗಳನ್ನು ನೋಡಿ ಹೋಗಿ, ಅರ್ಜಿ ಕಳಿಸಿದ.

ಟೈಲರಮ್ಮ ಆ ಒಂದೇ ಕೋಣೆಯಲ್ಲಿ, ಆ ಒಂದೇ ಕಿಟಕಿಯ ಮುಂದೆ ಕಾದಳು. ಕಾಯುವುದು ಕಷ್ಟವೇ ಆಗಿತ್ತು. ಕೊನೆಗೆ ಒಪ್ಪಿಗೆ ಬಂತು. ಆದರೆ ದೇಶ ಬಿಟ್ಟು ಹೊರಗೆ ಹೋಗಿ, ಹೊಸ ವೀಸಾದಲ್ಲಿ ಮತ್ತೆ ಒಳಗೆ ಬರಬೇಕಿತ್ತು.

"ವಾಪಸು ಬಿಡದೆ ಹೋದ್ರೆ?" ಎಂದು ಫೋನಿನಲ್ಲಿ ಕೇಳಿದಳು.

"ನಾನು ಹೋಗಿ ಬಂದಿಲ್ವಾ? ಬಾಗಿಲು ಇರೋದೇ ಹೋಗಿ ಬರೋಕೆ. ಧೈರ್ಯವಾಗಿ ಹೋಗು" ಎಂದರು ಅತ್ತೆ.

ಹೋದಳು, ಬಂದಳು. ವಿಮಾನ ನಿಲ್ದಾಣದ ಅಧಿಕಾರಿ ಏಕೆ ಬಂದಿರಿ ಎಂದು ಕೇಳಿದಾಗ "ಕೆಲಸಕ್ಕೆ" ಎಂದಳು. ಅಷ್ಟು ಜೋರಾಗಿ ಹೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಲಾಂಡ್ರಿಗೆ ಬಂದ ಬೆಳಿಗ್ಗೆ ಅತ್ತೆ ಬೆಡ್‌ಶೀಟನ್ನು ಕೊಕ್ಕೆಯಿಂದ ಬಿಡಿಸಿ ಅದರ ತುದಿಯನ್ನು ಅವಳ ಕೈಗೆ ಕೊಟ್ಟು, "ಯಾವ ವೀಸಾ?" ಎಂದರು.

"ನಂದೇ" ಎಂದಳು ಟೈಲರಮ್ಮ.

ಹಾಡುಗಾರ ಬೇರೆ ಊರಿನಲ್ಲಿದ್ದಾನೆ, ಈಗಲೂ ವೀಸಾ ಇಲ್ಲದೆಯೇ. ಆಗಾಗ ಅತ್ತೆಗೆ ಫೋನ್ ಮಾಡುತ್ತಾನೆ. ಊರಿಗೆ ಹೋಗಿ ಸರಿಯಾಗಿ ಬಾ ಎಂದು ಅವರು ಹೇಳುತ್ತಾರೆ, ಅವನು ಹಾಡಿಗೆ ತಿರುಗುತ್ತಾನೆ.

ವೀಸಾ ಅತ್ತೆ ಈಗ ಅದೇ ಲಾಂಡ್ರಿಯಲ್ಲಿ ಬೆಳಗಿನ ಪಾಳಿಯಲ್ಲಿದ್ದಾರೆ. ಮೊಣಕಾಲು ನೋವಿನಿಂದ ಬಗ್ಗುವ ಕೆಲಸ ಬಿಟ್ಟು, ಹೊಸದಾಗಿ ಸೇರಿದವರಿಗೆ ಮಡಚುವುದನ್ನು ಕಲಿಸುತ್ತಾರೆ.