ಹುರುಳಿಯ ಮೇಲೆ ಎರಡು ಬಾಗಿಲಿನ ಕಾರು

ಮಗಳ ಕಾರು ನೋಡುವುದಕ್ಕೆ ನಮ್ಮಪ್ಪನ ಕಾರಿನ ಹಾಗೇ ಇದೆ. ದುಂಡನೆಯ ಹೆಡ್‌ಲೈಟು, ಬೆಣ್ಣೆ ಬಣ್ಣ, ಫಳಫಳ ಹೊಳೆಯುವ ಬಂಪರು, ಎರಡೇ ಬಾಗಿಲು. ‘ಮಮ್ಮಿ, ರೆಟ್ರೋ ಅನ್ನೋದು ಲುಕ್ ಅಷ್ಟೇ, ಒಳಗೆಲ್ಲ ಹೊಸದು. ಕೇರ್‌ಫುಲ್’ ಎಂದು ಕೀ ಕೊಡುವಾಗಲೇ ಹೇಳಿದ್ದಳು. ನಾನು ಲುಕ್ಕಿಗೇ ಮರುಳಾದೆ. ಅಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಜಡೆ ಹಿಡಿದು ಎಳೆಯುತ್ತಿದ್ದ ದಿನಗಳು ನೆನಪಾದವು. ಆ ಕಾರು ಸ್ಟಿಯರಿಂಗ್ ತಿರುಗಿಸಿದರೆ ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಇದು ನಾನು ಯೋಚಿಸುವಷ್ಟರಲ್ಲೇ ತಿರುಗಿಬಿಡುತ್ತದೆ.

ಶ್ರೀರಂಗಪಟ್ಟಣ ಬಿಟ್ಟು ಕಿರಂಗೂರು ದಾಟುವಷ್ಟರಲ್ಲೇ ಕೈ ಬೆವರಿತ್ತು. ಆಕ್ಸಿಲರೇಟರ್ ಮುಟ್ಟಿದರೆ ಸಾಕು, ಹಗ್ಗ ಕಿತ್ತ ಕರುವಿನ ಓಟ. ಸಸ್ಪೆನ್ಷನ್ ಅಂತೂ ಕಲ್ಲು. ಹಂಪು ಬಂದಾಗಲೆಲ್ಲ ಕೆಳಗೆ ಕರ್ರ್ ಎಂದು ಕೆರೆಯುವ ಸದ್ದು. ಕಬ್ಬಿನ ಟ್ರಾಕ್ಟರು ಪಕ್ಕಕ್ಕೆ ಬಂದರೆ ಅದರ ಚಕ್ರವೇ ನನ್ನ ಕಿಟಕಿಗಿಂತ ಎತ್ತರ. ತಿರುವಿನಲ್ಲಿ ಮಾತ್ರ ರಸ್ತೆಗೆ ಅಂಟಿಕೊಂಡಂತೆ ಹೋಗುತ್ತಿತ್ತು. ಅದೊಂದೇ ಧೈರ್ಯ.

ಅಕ್ಕನಿಗೆ ಮಂಡಿ ಆಪರೇಷನ್ ಆಗಿತ್ತು, ನಾಗಮಂಗಲದಲ್ಲಿ ಚೆಕಪ್. ಪಾಂಡವಪುರದ ಅವಳ ಮನೆ ಮುಂದೆ ಕಾರು ನಿಲ್ಲಿಸಿ, ಮುಂದಿನ ಸೀಟು ಮಡಚಿ, ಅವಳ ಸೊಸೆಯೂ ನಾನೂ ಸೇರಿ ಅವಳನ್ನು ಹಿಂದೆ ಕೂರಿಸಿ ಕಾಲು ಚಾಚಿಸಿದೆವು.

‘ಇದೇನೇ, ಕೋಳಿಗೂಡು! ನಂಗೆ ಬಾಗ್ಲೆಲ್ಲೇ?’

‘ಕ್ಯೂಟ್ ಆಗಿಲ್ವಾ, ಅಕ್ಕಾ?’

‘ಕ್ಯೂಟಂತೆ! ಕಾನ್ವೆಂಟ್ ಸೇರೇ ಕೆಟ್ಟೋದೆ ಕಣೆ ನೀನು.’ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಅಕ್ಕನ ಬಾಯಲ್ಲಿ ಈ ಊರಿನದೇ ಮಾತು.

ನಾವಿಬ್ಬರೇ ಹೊರಟು, ಊರು ದಾಟಿ ಸ್ವಲ್ಪ ದೂರ ಹೋಗಿ ಒಂದು ತಿರುವು ತಿರುಗಿದೆವು. ಎದುರಿಗೆ ರಸ್ತೆಯೇ ಕಾಣಲಿಲ್ಲ. ಕಿತ್ತು ಒಣಗಿಸಿದ ಹುರುಳಿ ಗಿಡ ಆ ಅಂಚಿನಿಂದ ಈ ಅಂಚಿಗೆ ಹರಡಿತ್ತು. ಓಡಾಡುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂದು ಇಲ್ಲಿ ಹಾಗೆ ಹಾಕುತ್ತಾರೆ. ಪಕ್ಕದಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಕೈ ಬೀಸಿ ಕೂಗಿದಳು: ‘ಬುಡಿ, ಬುಡಿ, ಬುಡಿ!’

ಬೇಡ, ಬಿಟ್ಟುಬಿಡಿ ಎನ್ನುತ್ತಿದ್ದಾಳೆ ಎಂದುಕೊಂಡು ಬ್ರೇಕ್ ಒತ್ತಿದೆ.

ಅಷ್ಟು ಅಂಟಿಕೊಂಡಿದ್ದ ಕಾರಿಗೆ ರಸ್ತೆಯೇ ಸಿಗಲಿಲ್ಲ. ಎಣ್ಣೆ ತಟ್ಟೆಯ ಮೇಲಿನ ಲೋಟದ ಹಾಗೆ ಜಾರಿತು. ಕೈಯಲ್ಲಿ ಸ್ಟಿಯರಿಂಗ್ ಹಗುರಾಯಿತು, ಹಿಂಭಾಗ ಬಲಕ್ಕೆ ತಿರುಗಿತು, ಗಾಜಿನ ಮುಂದೆ ರಸ್ತೆ ಪಕ್ಕದ ನಾಲೆಯ ನೀರು ಬಂತು. ಕಾರು ಹುರುಳಿಯ ಮೇಲೇ ಅಡ್ಡಡ್ಡ ನಿಂತಿತು. ಓ ಗಾಡ್, ಉಳಿದೆವು ಎಂದುಕೊಳ್ಳುವಷ್ಟರಲ್ಲಿ ಸುಟ್ಟ ಹುಲ್ಲಿನ ವಾಸನೆ.

‘ಅಯ್ಯೋ, ಕೆಳ್ಗಡೆ ಒಗೆ ಬತ್ತಾದೆ! ಇಳೀರವ್ವ! ಕೆ.ಆರ್. ಪೇಟೆ ತಾವ ಒಂದ್ ಕಾರು ಇಂಗೇ ಸುಟ್ಟೋಯ್ತು!’ ಮೊರದವಳ ಕೂಗಿಗೆ ಹೊಲದಲ್ಲಿದ್ದವರೂ ಓಡಿಬಂದರು.

ನಾನು ಇಳಿದೆ. ಅಕ್ಕ ಇಳಿಯುವುದೆಲ್ಲಿಂದ? ಆ ಕಡೆಯ ಬಾಗಿಲು ತೆಗೆದು ಸೀಟಿನ ಲಿವರ್ ಎಳೆದೆ. ಸೀಟು ಮಡಚುವ ಬದಲು ಅಕ್ಕನ ಕಡೆಗೇ ವಾಲಿತು. ಹೊಗೆ ಬಾಗಿಲಿನವರೆಗೂ ಬಂದಿತ್ತು.

‘ನೀ ದೂರ ಓಗೇ!’ ಒಳಗಿನಿಂದ ಅಕ್ಕ ಕಿರುಚಿದಳು.

‘ಶಟಪ್, ಅಕ್ಕಾ!’ ಹುಟ್ಟಿದಂದಿನಿಂದ ಅವಳಿಗೆ ಹಾಗೆ ಅಂದಿರಲಿಲ್ಲ.

ಇನ್ನೊಂದು ಲಿವರ್ ಸಿಕ್ಕಿತು. ಸೀಟು ಟಕ್ ಎಂದು ಮುಂದಕ್ಕೆ ಬಿತ್ತು. ಇಬ್ಬರು ಹೆಂಗಸರು ಕಂಕುಳಿಗೆ ಕೈ ಕೊಟ್ಟು ಅವಳನ್ನು ಎಳೆದರು. ಮಂಡಿ ಮಡಚಿದಾಗ ಅವಳು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಗಂಡಸರು ಕವೆಗೋಲಿನಿಂದ ಸೈಲೆನ್ಸರಿಗೆ ಸುತ್ತಿಕೊಂಡಿದ್ದ ಹುರುಳಿ ಗಿಡವನ್ನು ಕಿತ್ತು ಹಾಕಿದರು. ಗಿಡದ ಅಂಚು ಕಪ್ಪಾಗಿತ್ತು. ಬೆಂಕಿ ಹತ್ತಿರಲಿಲ್ಲ.

‘ಬುಡಿ ಬುಡಿ ಅಂತ ಅಷ್ಟ್ ಬಡ್ಕಂಡೆ, ಯಾಕವ್ವ ನಿಲ್ಲಿಸ್ಬುಟ್ರಿ?’ ಎಂದಳು ಮೊರದವಳು.

‘ಬಿಡಿ ಅಂದ್ರೆ... ಬೇಡ ಅಂತಲ್ವಾ?’

‘ಗಾಡಿ ಬುಡಿ, ನಿಲ್ಲಿಸ್ಬ್ಯಾಡಿ ಅಂದುದ್ದು ಕಣವ್ವೋ!’

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನನಗೆ ಮಾತ್ರ ಹಲ್ಲು ಕಟಕಟ ಎನ್ನುತ್ತಿತ್ತು.

ಅವರೇ ಕಾರನ್ನು ತಳ್ಳಿ ಹುರುಳಿ ದಾಟಿಸಿ ಕೊಟ್ಟರು. ‘ಇಂದ್ಗಡೆ ಸತ್ರೂ ಕೂರಕಿಲ್ಲ’ ಎಂದು ಅಕ್ಕ ಮುಂದೆ ಕೂತು, ಕಾಲನ್ನು ಹೇಗೋ ಓರೆಯಾಗಿ ಇಟ್ಟುಕೊಂಡು, ಬಾಗಿಲಿನ ಹಿಡಿ ಹಿಡಿದಳು.

‘ಬುಡೇ ಇನ್ನ’ ಎಂದಳು.

ನನ್ನ ಪಾದ ಎರಡು ಪೆಡಲುಗಳ ನಡುವೆ ನಿಂತುಬಿಟ್ಟಿತು. ‘ಯಾವ ಬುಡು, ಅಕ್ಕಾ?’

ಅವಳು ಒಂದು ಕ್ಷಣ ತನ್ನ ಮಂಡಿ ನೋಡಿಕೊಂಡಳು. ‘ಗಾಡಿ ಬುಡು. ಮೆಲ್ಲಗೆ.’

ರಸ್ತೆಯ ಮೇಲೆ ಮರದ ನೆರಳು ಬಿದ್ದಿದ್ದರೂ ಹುರುಳಿಯಂತೆ ಕಾಣುತ್ತಿತ್ತು. ನಾಗಮಂಗಲ ಬರುವವರೆಗೂ ಅಕ್ಕ ಆ ಹಿಡಿಯಿಂದ ಕೈ ತೆಗೆಯಲಿಲ್ಲ. ಬಿಡು ಎಂದು ನಾನೂ ಹೇಳಲಿಲ್ಲ.