ಬರತೇನಿ ಅಂದು ಹೋದ ಡಿಸ್ಕು

ನಮ್ಮ ಮನೆಯಲ್ಲಿ ಬೆಳಗಿನ ಚಹಾಕ್ಕೆ ಮೂರು ಕಪ್ಪುಗಳು ಹೊರಬರುತ್ತವೆ, ಕುಡಿಯುವವರು ಮಾತ್ರ ಇಬ್ಬರೇ. ಹಿಡಿಕೆ ಮುರಿದ ನೀಲಿ ಹೂವಿನ ಮೂರನೆಯ ಕಪ್ಪು ತನ್ನ ಬಶಿಯ ಮೇಲೆ ಬೋರಲಾಗಿ ಕುಳಿತಿರುತ್ತದೆ. ಅದನ್ನು ಒಳಗಿಡು ಎನ್ನಲು ನನಗೆ ಬಾಯಿಲ್ಲ, ಇಡಲು ಹೆಂಡತಿಗೆ ಮನಸ್ಸಿಲ್ಲ. ಅದು ಇಮಾಮಸಾಬರ ಕಪ್ಪು.

ಇಮಾಮಸಾಬರು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನಡುವೆ ಆಯುಷ್ಯವಿಡೀ ಬಸ್ಸು ಓಡಿಸಿ ನಿವೃತ್ತರಾದವರು. ಮನೆ ನಮ್ಮಿಂದ ಎರಡು ಓಣಿ ಆಚೆ. ನಾನೋ, ಪಂಚಾಂಗ ಓದುವ ಮನೆತನದಲ್ಲಿ ಹುಟ್ಟಿ, ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತ ಮುದುಕನಾದವನು. ಆ ದಾರಿಯ ನಿಲ್ದಾಣಗಳ ಹಳೆಯ ಹೆಸರುಗಳ ಬಗ್ಗೆ ನಾನೊಂದು ಪುಸ್ತಕ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಎಂದರೆ, ಅವರು ಹೇಳುತ್ತಿದ್ದರು, ನಾನು ಕಂಪ್ಯೂಟರಿನ ಕೀಲಿ ಕುಟ್ಟುತ್ತಿದ್ದೆ. ನನ್ನ ತಲೆಯಲ್ಲಿ ಹಿಡಿಸದ್ದನ್ನೆಲ್ಲ ಅವರ ತಲೆಯಲ್ಲಿ ಇಟ್ಟುಬಿಡುವುದು ನನಗೆ ರೂಢಿಯಾಗಿತ್ತು.

ಮೂರು ತಿಂಗಳ ಹಿಂದೆ, ಮನೆಗೆ ಬಂದ ನಾಲ್ಕು ಜನರ ಮುಂದೆ ನಾನು ಗತ್ತಿನಿಂದ ಒಂದು ಪುಟ ಓದುತ್ತಿದ್ದಾಗ ಇಮಾಮಸಾಬರು ಮೆಲ್ಲಗೆ ಅಂದರು: “ಆಚಾರ್ರ, ಮುನವಳ್ಳಿ ಹತ್ರದ ಆ ಸ್ಟಾಪಿನ್ಯಾಗ ಇದ್ದದ್ದು ಬೇವಿನ ಗಿಡ ಅಲ್ರಿ, ಹುಣಚಿ ಗಿಡ.”

ನನ್ನ ಪಾಂಡಿತ್ಯಕ್ಕೆ ಚುರುಕ್ಕೆಂದಿತು. “ಗಾಡಿ ಹೊಡಿಯೂದು ಬ್ಯಾರೆ, ಪುಸ್ತಕ ಬರಿಯೂದು ಬ್ಯಾರೆ, ಸಾಬ್ರ” ಎಂದುಬಿಟ್ಟೆ.

ಅವರು ಬಶಿಯಲ್ಲಿ ಉಳಿದಿದ್ದ ಚಹಾ ಕುಡಿದು, ಕಪ್ಪನ್ನು ಬೋರಲು ಹಾಕಿ, “ಬರತೇನ್ರಿ” ಅಂದು ಹೋದರು. ಮತ್ತೆ ಬರಲಿಲ್ಲ.

ಅದೇ ವಾರ ಕಂಪ್ಯೂಟರಿನೊಳಗಿದ್ದ ಎರಡು ಡಿಸ್ಕುಗಳಲ್ಲಿ ಗೊರಗುಡುತ್ತಿದ್ದ ಹಳೆಯದನ್ನು ಅಂಗಡಿಯಲ್ಲಿ ತೆಗೆಸಿಕೊಂಡು ಬಂದೆ. ಹೊರೆ ಇಳಿದ ಮೇಲೆ ಓಡಬೇಕಾದ ಯಂತ್ರ ಅಂದಿನಿಂದ ತೆವಳತೊಡಗಿತು. ಗುಂಡಿ ಒತ್ತಿದರೆ ಪರದೆಯ ಮೇಲೊಂದು ಚಕ್ರ ತಿರುಗುತ್ತಲೇ ಇರುವುದು. ನಾನು ಮುಖ ತೊಳೆದು ಬಂದರೂ ಅದರ ಪ್ರದಕ್ಷಿಣೆ ಮುಗಿದಿರುತ್ತಿರಲಿಲ್ಲ. ಯಾರಿಗಾದರೂ ಹೇಳೋಣವೆಂದರೆ, ನನ್ನ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ಗಾಳಿಯ ಹಾಗೆ ಓಡುತ್ತದೆ ಎಂದು ಊರ ತುಂಬ ಕೊಚ್ಚಿಕೊಂಡವನು ನಾನೇ.

ಕೊನೆಗೆ ಹೆಂಡತಿಯೇ ಕನ್ನಡಕ ಏರಿಸಿದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಅಲ್ಲಿಯೂ ಇದೇ ವ್ಯವಸ್ಥೆಯ ಕಂಪ್ಯೂಟರುಗಳಿದ್ದವು. ಯಂತ್ರ ಏಳುವಾಗ ಅದರೊಳಗಿನವರಲ್ಲಿ ಯಾರು ಎಷ್ಟು ತಡ ಮಾಡಿದರೆಂದು ಪಟ್ಟಿ ಕೊಡುವ ‘ಬ್ಲೇಮ್’ ಎಂಬ ಆಜ್ಞೆಯೊಂದು ಇದರಲ್ಲಿದೆಯಂತೆ. ನಮ್ಮ ಮನೆಯಲ್ಲಿ ಈ ಸೌಲಭ್ಯ ಕಂಪ್ಯೂಟರ್ ಬರುವ ಮೊದಲಿನಿಂದಲೂ ಇದ್ದದ್ದರಿಂದ ನನಗೆ ಹೊಸದೇನೂ ಅನ್ನಿಸಲಿಲ್ಲ. ಆದರೆ ಪಟ್ಟಿಯಲ್ಲಿದ್ದವರೆಲ್ಲ ನಿರಪರಾಧಿಗಳು; ಒಬ್ಬರೂ ಹೇಳಿಕೊಳ್ಳುವಷ್ಟು ತಡ ಮಾಡಿರಲಿಲ್ಲ.

“ಇದು ಬಂದವ್ರ ಪಟ್ಟಿರಿ. ಬರಲಾರದವ್ರು ಇದರಾಗ ಹ್ಯಾಂಗ ಸಿಗತಾರ?” ಎಂದು ಅವಳು ಯಂತ್ರವನ್ನು ಮತ್ತೆ ಚಾಲೂ ಮಾಡಿ, ಎಡ ಮೂಲೆಯ ಎಸ್ಕೇಪ್ ಕೀಲಿ ಒತ್ತಿದಳು. ತಿರುಗುವ ಚಕ್ರ ಸರಿದು, ಅದರ ಹಿಂದಿದ್ದ ಸಾಲು ಕಾಣಿಸಿತು. ಯಂತ್ರ ಒಂದು ಡಿಸ್ಕಿಗಾಗಿ ಕಾಯುತ್ತ, ಒಂದೊಂದೇ ಸೆಕೆಂಡು ಎಣಿಸುತ್ತ ತೊಂಬತ್ತರವರೆಗೆ ಹೋಗುತ್ತಿತ್ತು. ಕೇಳಿದರೆ ನಗುತ್ತೀರಿ, ಅಂಗಡಿಯಲ್ಲಿ ತೆಗೆಸಿ ಬಂದ ಆ ಹಳೆಯ ಡಿಸ್ಕಿಗಾಗಿಯೇ! ತನ್ನ ನೆನಪಿನಲ್ಲಿ ಹಿಡಿಸದ್ದನ್ನು ಯಂತ್ರ ಇಡುತ್ತಿದ್ದದ್ದು ಅದರಲ್ಲಿಯೇ. ಡಿಸ್ಕು ಹೋಗಿತ್ತು, ಬೆಳಿಗ್ಗೆ ಏಳುವಾಗ ಯಂತ್ರ ಓದುವ ಹಾಜರಿಯಲ್ಲಿ ಅದರ ಹೆಸರು ಉಳಿದಿತ್ತು.

ನಮ್ಮ ಕಡೆ ಹೊರಡುವವರು ಯಾರೂ ‘ಹೋಗತೇನಿ’ ಅನ್ನುವುದಿಲ್ಲ, ಅಪಶಕುನ. ಎಲ್ಲಿಗೆ ಹೊರಟರೂ, ಸಿಟ್ಟಿನಿಂದ ಹೊರಟರೂ ‘ಬರತೇನಿ’ ಎಂದೇ ಅನ್ನುತ್ತೇವೆ. ನಮ್ಮ ಮನೆಯ ಉಪ್ಪು ತಿಂದ ಯಂತ್ರ ಆ ಮಾತನ್ನು ಅಕ್ಷರಶಃ ನಂಬಿ ಕುಳಿತಿತ್ತು. ಅದನ್ನು ನೋಡಿ ನಗಬೇಕೆಂದವನ ಕಣ್ಣು ಮೂರನೆಯ ಕಪ್ಪಿನ ಮೇಲೆ ಬಿತ್ತು.

“ಹಾಜರಿಯಲ್ಲಿನ ಆ ಸಾಲು ಅಳಿಸಿಬಿಡು” ಎಂದೆ.

“ಅಳಸೂದ್ಯಾಕ? ಕೊನೀಗೆ ‘ನೋಫೇಲ್’ ಅಂತ ಒಂದ ಶಬ್ದ ಸೇರಿಸಿದ್ರ ಸಾಕು. ಬಂದ್ರ ಬರಲಿ, ಜಾಗಾ ಐತಿ. ಬರಲಿಲ್ಲಂದ್ರ ಕೆಲಸ ನಿಲ್ಲೂದಿಲ್ಲ.” ಅಷ್ಟೇ ಮಾಡಿ ಮತ್ತೆ ಗುಂಡಿ ಒತ್ತಿದಳು. ಒಲೆಯ ಮೇಲಿನ ಚಹಾ ಕುದಿಯುವ ಮೊದಲೇ ಯಂತ್ರ ಎದ್ದು ಕುಳಿತಿತ್ತು. ಅವಳು ಕನ್ನಡಕ ತೆಗೆದು ನನ್ನನ್ನೇ ನೋಡಿದಳು. “ಅದಕ್ಕ ಕಾಲಿಲ್ಲ, ಕುಂತಲ್ಲೇ ಕಾಯತಿತ್ತು. ನಿಮಗ ಎರಡ ಅದಾವಲ್ರಿ?”

ನನಗೆ ನಾಚಿಕೆಯಾಯಿತು. ಸ್ನೇಹಿತನಿಗಾಗಿ ಕಾಯುತ್ತಿದ್ದೇನೆ ಎಂಬ ನನ್ನ ದೊಡ್ಡಸ್ತಿಕೆಯೆಲ್ಲ, ನಾನಾಗಿ ಹೋಗಲಾರೆನೆಂಬ ಸೊಕ್ಕೇ ಆಗಿತ್ತು. ಆ ಪುಟದಲ್ಲಿ ಬೇವನ್ನು ತೆಗೆದು ಹುಣಸೆ ನೆಟ್ಟೆ, ಮೊದಲ ಪುಟದಲ್ಲಿ ನನ್ನ ಹೆಸರಿಗಿಂತ ಮೇಲೆ ಇಮಾಮಸಾಬರ ಹೆಸರು ಹಾಕಿದೆ, ಎರಡನ್ನೂ ಮುದ್ರಿಸಿಕೊಂಡು ಎರಡು ಓಣಿ ದಾಟಿದೆ.

ಅವರು ಕಟ್ಟೆಯ ಮೇಲೆ ಕುಳಿತಿದ್ದರು. “ಎರಡ ಓಣಿಗೆ ಮೂರ ತಿಂಗಳೇನ್ರಿ? ನಮ್ಮ ಬಸ್ಸು ಎಂದೂ ಇಷ್ಟ ಲೇಟ ಬಂದಿಲ್ರಿ, ಆಚಾರ್ರ.”

“ತಪ್ಪಾತ್ರಿ, ಸಾಬ್ರ” ಎಂದೆ. ಹೇಳಲು ಮೂರು ತಿಂಗಳು ಹಿಡಿದ ಮಾತು ಒಂದು ಸೆಕೆಂಡಿನಲ್ಲಿ ಮುಗಿದಿತ್ತು.

ಅವರು ಮೊದಲ ಪುಟವನ್ನು ಬಹಳ ಹೊತ್ತು ನೋಡಿದರು. ಎರಡನೆಯದನ್ನು ಓದಿ ಒಂದು ಸಾಲಿನ ಮೇಲೆ ಬೆರಳಿಟ್ಟರು. “ಹುಣಚಿ ಗಿಡ ಖರೆ. ಆದ್ರ ಒಂದಲ್ರಿ, ಎರಡಿದ್ವು.”

ಹೊರಡುವಾಗ “ಬರತೇನ್ರಿ” ಎಂದೆ. “ನೀವ್ಯಾಕ? ನಾನ ಬರತೇನಿ” ಎಂದರು.

ಮರುದಿನ ಬೆಳಿಗ್ಗೆ ಹೆಂಡತಿ ಮೂರನೆಯ ಕಪ್ಪನ್ನು ನೆಟ್ಟಗೆ ನಿಲ್ಲಿಸಿ ಚಹಾ ಸುರಿದಳು. ಕಂಪ್ಯೂಟರ್ ಆಗಲೇ ಎದ್ದು ಸಿದ್ಧವಾಗಿ ನಮಗಾಗಿ ಕಾಯುತ್ತಿತ್ತು. ಸ್ವಲ್ಪ ಕಾಯಲಿ ಎಂದು ಬಿಟ್ಟೆವು. ಇಮಾಮಸಾಬರು ಕುಡಿಯುತ್ತಿದ್ದ ಚಹಾ ಇನ್ನೂ ಬಶಿಯಲ್ಲಿತ್ತು.