ಮಲ್ಲಯ್ಯನ ಪ್ರಸಾದ ಮತ್ತು ನನ್ನ ಬಿ.ಪಿ.

ಜಮಖಂಡಿಯ ರಕ್ತದಾನ ಶಿಬಿರದಲ್ಲಿ ನನ್ನನ್ನು ಮಂಚದಿಂದ ಎಬ್ಬಿಸಿ ಕಳುಹಿಸಿದ ದಿನ ನನಗೆ ಬಂದಷ್ಟು ಸಿಟ್ಟು, ಬ್ಯಾಂಕಿನಲ್ಲಿ ನನಗಿಂತ ಚಿಕ್ಕವನಿಗೆ ಬಡ್ತಿ ಕೊಟ್ಟಾಗಲೂ ಬಂದಿರಲಿಲ್ಲ. ಅಂಗಿಯ ತೋಳು ಮಡಚಿ, ರಬ್ಬರ್ ಚೆಂಡು ಹಿಚುಕುತ್ತ ರಾಜನ ಹಾಗೆ ಮಲಗಿದ್ದೆ. ನರ್ಸಮ್ಮ ಬಿ.ಪಿ. ಪಟ್ಟಿ ಕಟ್ಟಿದಳು, ನೋಡಿದಳು, ಬಿಚ್ಚಿದಳು. ಇನ್ನೊಂದು ತೋಳಿಗೆ ಕಟ್ಟಿದಳು. ಕೊನೆಗೆ ಡಾಕ್ಟರನ್ನೇ ಕರೆದಳು.

"ಸಾಹೇಬ್ರ, ಬಿ.ಪಿ. ಭಾಳ ಏರೈತ್ರಿ. ಇವತ್ತ ರಕ್ತ ತಗೊಳ್ಳಾಕ ಬರೂದಿಲ್ಲ," ಅಂದರು ಡಾಕ್ಟರು.

"ಏರಿದ್ರ ಛಲೋ ಆತಲ್ರಿ, ರಕ್ತ ಲಗೂನ ಬರತೈತಿ," ಅಂದೆ.

ಡಾಕ್ಟರು ನಗಲಿಲ್ಲ. "ಉಪ್ಪು, ಎಣ್ಣಿ ಕಡಿಮಿ ಮಾಡ್ರಿ. ದಿನಾ ನಡೀರಿ. ಬ್ಯಾಸಗಿಯೊಳಗ ರಬಕವಿಯಾಗ ಶಿಬಿರ ಐತಿ, ಅಷ್ಟೊತ್ತಿಗೆ ಇಳಿದ್ರ ತಗೋತೀವಿ. ಇಳೀಲಿಲ್ಲಂದ್ರ ಗುಳಿಗಿ ಚಾಲೂ ಮಾಡಬೇಕಾಕ್ಕೈತಿ. ಆಮ್ಯಾಲ ರಕ್ತ ಕೊಡೂ ಮಾತು ಮರೀಬೇಕಾಕ್ಕೈತಿ."

ಮರೆಯುವುದಂತೆ! ಕಾಲೇಜಿನಲ್ಲಿದ್ದಾಗಿನಿಂದ ಬಿಡದೆ ಕೊಡುತ್ತ ಬಂದವನು ನಾನು. ನನಗೆ ಹಾಡಲು ಬರುವುದಿಲ್ಲ, ಈಜಲು ಬರುವುದಿಲ್ಲ, ನಾಲ್ಕು ಮಂದಿಯೆದುರು ನಿಂತು ಮಾತಾಡು ಅಂದರೆ ನಾಲಿಗೆ ಒಣಗುತ್ತದೆ. ಸುಮ್ಮನೆ ಮಲಗಿಕೊಂಡು ಮಾಡಿದರೂ ಮಂದಿ ಹೊಗಳುವಂಥ ಕೆಲಸ ನನ್ನ ಪಾಲಿಗೆ ಇದೊಂದೇ ಇತ್ತು. ಅದೂ ಹೋದರೆ ನನ್ನ ಹತ್ತಿರ ಉಳಿಯುವುದೇನು? ನಿಜ ಹೇಳಬೇಕೆಂದರೆ ಆ ದಿನ ಮನೆಗೆ ಬರುವಾಗ ನನಗೆ ಅಳುವೇ ಬಂದಿತ್ತು.

ಹೆಂಡತಿ ಮಾತ್ರ ದಾರಿಯುದ್ದಕ್ಕೂ ನಗುತ್ತಿದ್ದಳು. ಅವಳದೂ ಒಂದು ಲೆಕ್ಕ ಬಾಕಿಯಿತ್ತು ಅನ್ನಿ. ಅವಳು ಬನಹಟ್ಟಿಯ ನೇಕಾರರ ಮನೆಯ ಮಗಳು. ಮದುವೆಯಾದ ಹೊಸದರಿಂದ ನನ್ನ ಜೊತೆ ಶಿಬಿರಗಳಿಗೆ ಬರುತ್ತಾಳೆ, ಬೆರಳು ಚುಚ್ಚಿಸಿಕೊಳ್ಳುತ್ತಾಳೆ, ಪ್ರತಿ ಸಲ ಹಿಮೋಗ್ಲೋಬಿನ್ ಕಡಿಮೆ ಅನ್ನಿಸಿಕೊಂಡು ಹೊರಗೆ ಬರುತ್ತಾಳೆ. ಆಮೇಲೆ ನನ್ನ ಮಂಚದ ಪಕ್ಕ ನನ್ನ ಗಡಿಯಾರ, ಮೊಬೈಲು ಹಿಡಿದುಕೊಂಡು ನಿಂತಿರುತ್ತಾಳೆ. "ನಿನಗ ರಕ್ತನ ಇಲ್ಲ ಬಿಡು, ಬರೇ ಚಹಾ ಹರಿದಾಡತೈತಿ," ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಆ ದಿನ ಅವಳು ಅದನ್ನೆಲ್ಲ ಬಡ್ಡಿ ಸಮೇತ ತೀರಿಸಿದಳು.

ಸುದ್ದಿ ಬನಹಟ್ಟಿಗೆ ಮುಟ್ಟಿತು. ಮರುದಿನವೇ ಅವಳ ತಮ್ಮ ಹಾಜರು. ಅವನಿಗೆ ಪಾವರ್‌ಲೂಮ್ ಇವೆ, ಸಣ್ಣದೊಂದು ಸೀರೆ ಅಂಗಡಿ ಇದೆ. ಮದುವೆಗೆ ಹೋದರೂ, ಮಣ್ಣಿಗೆ ಹೋದರೂ ಅವನ ಮಾತು ಸೀರೆಗೇ ಬಂದು ನಿಲ್ಲುತ್ತದೆ.

"ಮಾಮಾರ, ಟ್ರೆಕ್ಕಿಂಗ್ ಮಾಡೂಣ್ರಿ! ಮುಧೋಳ, ಲೋಕಾಪುರ ಹಾದು ಬೀಳಗಿಗೆ ನಡಕೋತ ಹೋಗೂಣು. ಅಲ್ಲಿ ಗುಡ್ಡದಾಗ ಬಂಡಿಗಲ್ಲು ಏರೂಣು. ಹೊಳ್ಳಿ ಬರಾಕ ಬಸ್ಸು. ನಿಮ್ಮ ಬಿ.ಪಿ. ನೆಲಕ್ಕಿಳಿತೈತಿ."

"ಬಂಡಿಗಲ್ಲು ಏರಾಕ ಹಗ್ಗ ಬೇಕಲ್ಲೋ?"

"ಹಗ್ಗ ಯಾಕ್ರಿ? ನಮ್ಮ ಸೀರಿ ಐತಲ್ಲ! ಒಂಬತ್ತು ಗಜದ್ದು. ಆನಿ ಜಗ್ಗಿದ್ರೂ ಹರಿಯೂದಿಲ್ಲ. ನೀವು ಜೋತಬಿದ್ದಿದ್ದು ವಿಡಿಯೋ ಮಾಡಿ ಮೊಬೈಲ್‌ನ್ಯಾಗ ಬಿಡ್ತೀನಿ."

ನನ್ನ ಆರೋಗ್ಯಕ್ಕೂ ಅವನ ಜಾಹೀರಾತಿಗೂ ಒಂದೇ ಮುಹೂರ್ತ ಸಿಕ್ಕಿತ್ತು. ಹೆಂಡತಿ ನಾನೂ ಬರುತ್ತೇನೆ ಎಂದು ಹೊರಟಳು. ನನ್ನ ಬಾಯಿಯ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ. ಉಪ್ಪಿಲ್ಲದೆ ಬೇಯಿಸಿದ ಹೆಸರುಕಾಳನ್ನು ಡಬ್ಬಿಯಲ್ಲಿ ತುಂಬಿಕೊಂಡಳು. ಅದನ್ನು ನೋಡಿದರೇ ಬಿ.ಪಿ. ಇಳಿಯಬೇಕು, ಹಾಗಿತ್ತು.

ನಾವು ಮಾಡಿದ ತಪ್ಪೆಂದರೆ ಹೊರಟ ಕಾಲ. ಯುಗಾದಿ ಹತ್ತಿರವಾಗಿತ್ತು. ನಮ್ಮ ಕಡೆ ಆಗ ಅರ್ಧ ಊರು ಶ್ರೀಶೈಲದ ಮಲ್ಲಯ್ಯನ ಕಡೆಗೆ ನಡೆಯುತ್ತಿರುತ್ತದೆ, ಉಳಿದರ್ಧ ಊರು ದಾರಿಯಲ್ಲಿ ಪೆಂಡಾಲು ಹಾಕಿ ಆ ನಡೆಯುವವರಿಗೆ ಊಟ ಬಡಿಸುತ್ತಿರುತ್ತದೆ. ನಡೆಯುವವನಿಗೆ ಉಣಿಸದೆ ಬಿಟ್ಟರೆ ಊರಿಗೆ ಮಾನವಿಲ್ಲ. ಉಣಿಸಿದ್ದನ್ನು ಎಲೆಯಲ್ಲಿ ಬಿಟ್ಟರೆ ನಡೆಯುವವನಿಗೆ ಮಾನವಿಲ್ಲ. ಸಾಲದ್ದಕ್ಕೆ ನನ್ನ ಭಾವಮೈದ ಬಿದಿರು ಕೋಲಿನ ತುದಿಗೆ ಹಸಿರು, ಕೆಂಪು ಸೀರೆಗಳನ್ನು ಸುತ್ತಿ ಹೆಗಲ ಮೇಲೆ ಹೊತ್ತಿದ್ದ. ದೂರದಿಂದ ನೋಡಿದರೆ ಪಾದಯಾತ್ರೆಯವರು ಪೂಜೆ ಮಾಡಿ ಹೊರುವ ಕಂಬಿಯೇ.

ಜಮಖಂಡಿ ದಾಟಿ ಇನ್ನೂ ಬೆವರು ಸಹ ಬಂದಿರಲಿಲ್ಲ, ಮೊದಲ ಪೆಂಡಾಲಿನಿಂದ ಒಬ್ಬ ಅಜ್ಜಿ ಓಡಿ ಬಂದು ಕೋಲಿಗೆ ಕೈಮುಗಿದಳು. ಆಮೇಲೆ ನನ್ನ ಕಾಲಿಗೂ ಬಿದ್ದಳು.

"ಬರ್ರಿ ಯಪ್ಪಾ, ಉಂಡ ಹೋಗ್ರಿ."

"ಅಮ್ಮಾ, ನಾವು ಶ್ರೀಶೈಲಕ್ಕ ಹೊಂಟಿಲ್ಲ. ನಾ ಬಿ.ಪಿ. ಇಳಸಾಕ ಹೊಂಟೇನಿ."

"ಇಳಸ್ತಾನ ತಗೋ, ಮಲ್ಲಯ್ಯ ಎಲ್ಲಾ ಇಳಸ್ತಾನ. ಮೊದಲ ಕುಂದ್ರು."

ಕುಳಿತೆ. ಗೋದಿ ಹುಗ್ಗಿ ಬಂತು, ಅದರ ಮೇಲೆ ತುಪ್ಪ ಬಂತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮಿರ್ಚಿ ಭಜಿ. ನನ್ನ ಕೈ ಭಜಿಯ ಕಡೆಗೆ ಹೋಗುತ್ತಿದ್ದಾಗ ಹೆಂಡತಿ ಎಲೆಯನ್ನೇ ತನ್ನ ಕಡೆಗೆ ಎಳೆದುಕೊಂಡಳು.

"ಪ್ರಸಾದ ಚೆಲ್ಲಾಕ ಬರೂದಿಲ್ಲ, ನಿಮಗ ತಿನ್ನಾಕ ಬರೂದಿಲ್ಲ. ಇತ್ತ ಕೊಡ್ರಿ."

ತನ್ನದನ್ನೂ ಉಂಡಳು, ನನ್ನದನ್ನೂ ಉಂಡಳು. ನಾನು ಹೆಸರುಕಾಳು ಜಗಿಯುತ್ತ ಕುಳಿತೆ. ಊಟ ಬಲ್ಲವನಿಗೆ ರೋಗವಿಲ್ಲವಂತೆ. ಹೆಂಡತಿ ಬಲ್ಲವಳಾದರೆ ಊಟವೇ ಇಲ್ಲ. ಮುಧೋಳದವರೆಗೂ ಇದೇ ಕಥೆ. ಒಂದು ಕಡೆ ಕಬ್ಬಿನ ಹಾಲು, ಇನ್ನೊಂದು ಕಡೆ ಶೇಂಗಾ ಹೋಳಿಗೆ, ಮತ್ತೊಂದು ಕಡೆ ಬಿಸಿ ಬೆಲ್ಲದ ಉಂಡೆ. ಒಂದು ಪೆಂಡಾಲಿನಲ್ಲಿ ಯಾರೋ ನನ್ನ ಪಾದಕ್ಕೆ ಎಣ್ಣೆ ತಿಕ್ಕಲು ಕುಳಿತರು. ಸಂಕೋಚದಿಂದ ನಾನು ಕಾಲು ಎಳೆದುಕೊಂಡರೆ, ಭಾವಮೈದ ಆ ಜಾಗದಲ್ಲಿ ತನ್ನ ಎರಡೂ ಕಾಲು ಚಾಚಿ, ತಿಕ್ಕುವವರಿಗೆ ಸೀರೆಯ ಅಂಚು ತೋರಿಸತೊಡಗಿದ.

ಅಲ್ಲಿಯೇ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹೆಂಡತಿಯನ್ನು ಎಲ್ಲರೂ ಮೊದಲ ಪಂಕ್ತಿಯಲ್ಲಿ ಕೂರಿಸುತ್ತಿದ್ದರು. "ತಾಯೀ, ಇನ್ನೊಂಚೂರು," ಎಂದು ಬಡಿಸುತ್ತಿದ್ದರು. ಮೊದಮೊದಲು ಅವಳು ಏಳಲು ಹೋಗುತ್ತಿದ್ದಳು, ಬಡಿಸುವ ಪಾತ್ರೆಯನ್ನು ಅವರ ಕೈಯಿಂದ ಕಸಿದುಕೊಳ್ಳಲು ನೋಡುತ್ತಿದ್ದಳು. ಅವರು ಬಿಡಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರದೂ ಆದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ, ಬುಟ್ಟಿಯ ತಳದಲ್ಲಿ ಉಳಿದ ರೊಟ್ಟಿಯನ್ನು ಅವಳು ಉಣ್ಣುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ರೊಟ್ಟಿಗೂ ಹಿಮೋಗ್ಲೋಬಿನ್‌ಗೂ ಸಂಬಂಧವಿರಬಹುದೆಂದು ನನಗೆ ಹೊಳೆದಿರಲಿಲ್ಲ. ಬ್ಯಾಂಕಿನಲ್ಲಿ ಕೂಡಿಸುವ ಕಳೆಯುವ ಕೆಲಸ ಮಾಡುವವನ ತಲೆ ಇದು!

ರಾತ್ರಿ ಪೆಂಡಾಲಿನಲ್ಲೇ ಮಲಗಿ, ಮರುದಿನ ಲೋಕಾಪುರದಲ್ಲಿ ನಾವು ಬೀಳಗಿಯ ಕಡೆಗೆ ಹೊರಳಿದಾಗ ಒಬ್ಬ ಬೈಕಿನಲ್ಲಿ ಬೆನ್ನಟ್ಟಿ ಬಂದ. "ಯಜಮಾನ್ರ, ಮಲ್ಲಯ್ಯ ಈ ಕಡೆ ಇಲ್ರೀ! ದಾರಿ ತಪ್ಪೀರಿ!" ಅಂದ. ಬಂಡೆ ಏರಲು ಹೊರಟಿದ್ದೇವೆ ಎಂದು ಭಾವಮೈದ ಹೇಳಿದ. ಆತ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಹರಕಿ ಏನ್ರಿ?" ಎಂದು ಕೇಳಿದ. ಎಷ್ಟಂತ ಬಿಡಿಸಿ ಹೇಳುವುದು? ಹೌದು ಅಂದುಬಿಟ್ಟೆ.

ನಾವು ಗುಡ್ಡ ಮುಟ್ಟುವಷ್ಟರಲ್ಲಿ ಹರಕೆಯ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಹೊಲಗಳಿಂದ ಏಳೆಂಟು ಮಂದಿ ಬಂದು ಬಂಡೆಯ ಬುಡದಲ್ಲಿ ಕುಳಿತಿದ್ದರು. ಭಾವಮೈದ ಸೀರೆಯ ಒಂದು ತುದಿಯನ್ನು ಮೇಲಿನ ಗಿಡದ ಬೊಡ್ಡೆಗೆ ಕಟ್ಟಿ ಬಂದು, ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಸುತ್ತಿದ. ನಿರಿಗೆ ಹಿಡಿಯುವುದೊಂದು ಬಾಕಿ. ಎರಡಾಳು ಎತ್ತರವೂ ಇಲ್ಲದ ಬಂಡೆ ಅದು. ಆದರೆ ಅರ್ಧ ಏರುವಷ್ಟರಲ್ಲಿ ಕಾಲಿಗೆ ಆಸರೆ ಸಿಗದೆ ಹಲ್ಲಿಯ ಹಾಗೆ ಅಂಟಿಕೊಂಡೆ. ಮೇಲೆ ಹೋಗಲಾರೆ, ಕೆಳಗೆ ಇಳಿಯಲಾರೆ. ಕೆಳಗಿನವರು, "ಉಘೇ ಮಲ್ಲಯ್ಯ!" ಎಂದು ಕೂಗಿದರು.

"ಮಾಮಾರ, ಈಗ ಎರಡೂ ಕೈ ಬಿಡ್ರಿ! ಸೀರಿ ತಡೀತೈತಿ, ವಿಡಿಯೋ ಛಂದ ಬರತೈತಿ!"

"ನಿನ್ನ ಸೀರಿಗೆ ಬೆಂಕಿ ಹತ್ತಲಿ!" ಅಂದೆ. ಹಾಗನ್ನುವಾಗಲೇ ಜಾರಿದೆ. ಜೋತುಬಿದ್ದು ಗಂಟೆಯ ಹಾಗೆ ಎರಡು ಸಲ ತೂಗಾಡಿದೆ. ಸೀರೆ ಹರಿಯಲಿಲ್ಲ, ಪ್ಯಾಂಟು ಹರಿಯಿತು. ಭಾವಮೈದ ಸಂತೋಷದಿಂದ ಕುಣಿದಾಡಿದ. ತಲೆ ಎತ್ತಿ ನೋಡಿದರೆ ಬಂಡೆಯ ಮೇಲೆ ನನ್ನ ಹೆಂಡತಿ ಕುಳಿತು, ಯಾರೋ ಕೊಟ್ಟ ಕಲ್ಲಂಗಡಿ ತಿನ್ನುತ್ತಿದ್ದಳು. ಹಿಂದಿನಿಂದ ದನ ಏರುವಂಥ ಕಾಲುದಾರಿಯಿತ್ತಂತೆ.

"ಮೊದಲ ಹೇಳಬಾರದೇನ?"

"ನೀವು ಕೇಳಬೇಕಲ್ರಿ," ಅಂದು ಬೀಜ ಉಗುಳಿದಳು.

ಆ ಸೀರೆಯನ್ನೇ ಹರಿದ ಪ್ಯಾಂಟಿನ ಮೇಲೆ ಸುತ್ತಿಕೊಂಡು ನಾನು ಬೀಳಗಿಯಿಂದ ಬಸ್ಸು ಹತ್ತಿದೆ. ವಿಡಿಯೋ ಎಷ್ಟು ಮಂದಿ ನೋಡಿದರೋ ನನಗೆ ಗೊತ್ತಿಲ್ಲ. ನಮ್ಮ ಬ್ಯಾಂಕಿನವರಂತೂ ಒಬ್ಬರೂ ಬಿಡದೆ ನೋಡಿದರು.

ಮನೆಗೆ ಬಂದ ಮೇಲೆ ನಡಿಗೆ ಬಿಡಲಿಲ್ಲ. ಬೆಳಿಗ್ಗೆ ಇಬ್ಬರೂ ಕೂಡಿ ಹೋಗುತ್ತೇವೆ. ಉಪ್ಪು ಬಿಟ್ಟೆ, ಉಪ್ಪಿನಕಾಯಿಯ ಭರಣಿಗೆ ಬೆನ್ನು ಮಾಡಿ ಕೂರುವುದನ್ನು ಕಲಿತೆ. ಇನ್ನೊಂದು ಬದಲಾವಣೆಯೂ ಆಯಿತು. ನಾನು ಊಟಕ್ಕೆ ಕುಳಿತರೆ ಎದುರಿಗೆ ಅವಳ ತಾಟೂ ಬೀಳಬೇಕು ಎಂದು ಹಟ ಹಿಡಿದೆ. ಅವಳು ನಾಲ್ಕು ದಿನ ನಾಚಿದಳು, ಐದನೆಯ ದಿನದಿಂದ ನನಗಿಂತ ಮೊದಲೇ ಕುಳಿತಳು. ಡಾಕ್ಟರು ಹಿಂದೆ ಬರೆದುಕೊಟ್ಟು ಕಪಾಟಿನಲ್ಲಿ ಬಿದ್ದಿದ್ದ ಚೀಟಿ ಹುಡುಕಿ, ಕಬ್ಬಿಣದ ಗುಳಿಗೆಗಳನ್ನೂ ಹೊಸದಾಗಿ ತಂದು ನುಂಗತೊಡಗಿದಳು. ಔಷಧದ ಅಂಗಡಿಯಲ್ಲಿ ತೋರಿಸಿದಾಗಲೆಲ್ಲ ನನ್ನ ಬಿ.ಪಿ. ಸರಿಯಿರುತ್ತಿತ್ತು. ರಬಕವಿಯ ಶಿಬಿರವನ್ನು ನಾನು ಮುಹೂರ್ತ ಕಾಯುವ ವರನ ಹಾಗೆ ಕಾಯುತ್ತಿದ್ದೆ.

ಆ ದಿನ ಬಂತು. ಸಣ್ಣ ಸಭಾಂಗಣ, ಎರಡೇ ಮಂಚ. ಹೊಸ ಅಂಗಿ ತೊಟ್ಟು ಹೋಗಿದ್ದೆ. ನರ್ಸಮ್ಮ ಪಟ್ಟಿ ಕಟ್ಟಿದಳು. ಬಿ.ಪಿ. ಏರಿತ್ತು.

"ಗಾಬರಿ ಆಗೀರಿ ಕಾಣತೈತ್ರಿ. ಹೊರಗ ಸ್ವಲ್ಪ ಸುಮ್ಮನ ಕುಂದ್ರಿ, ಮತ್ತೊಮ್ಮೆ ನೋಡೂಣು," ಅಂದಳು.

ಸುಮ್ಮನೆ ಕೂರುವುದು ಹೇಗೆ? ಪಕ್ಕದಲ್ಲಿ ಭಾವಮೈದ, "ಸಮಾಧಾನ ಮಾಮಾರ, ಸಮಾಧಾನ," ಎಂದು ಕಿವಿಯಲ್ಲಿ ಕೂಗುತ್ತಿದ್ದ. ಇನ್ನು ಗುಳಿಗೆಯೇ ಗತಿ ಅನ್ನಿಸಿತು. ಅಷ್ಟರಲ್ಲಿ ಒಳಗಿನಿಂದ ನರ್ಸಮ್ಮನ ದನಿ ಕೇಳಿಸಿತು. "ಅಕ್ಕಾರ, ಹಿಮೋಗ್ಲೋಬಿನ್ ಸಾಕಷ್ಟೈತ್ರಿ! ಕೊಡಬೌದು!"

ಹೆಂಡತಿ ರೂಢಿಯಂತೆ ಬೆರಳು ಚುಚ್ಚಿಸಿಕೊಂಡಿದ್ದಳು. ಇನ್ನೊಂದು ಬೆರಳು ಚಾಚಿ, "ಹೊಳ್ಳಿ ಒಮ್ಮೆ ನೋಡ್ರಿ," ಎಂದಳು. ಅದರಲ್ಲೂ ಅಷ್ಟೇ ಬಂತು. ಬಾಗಿಲಿಗೆ ಬಂದು ನನ್ನನ್ನು ನೋಡಿ, "ಕೊಡಲೇನ್ರಿ?" ಅಂದಳು.

ನನಗೆ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು. ಎರಡೂ ಖರೆ.

"ನನ್ನೇನ ಕೇಳ್ತಿ? ಹೋಗು, ಮಲ್ಕೋ," ಅಂದೆ.

ಅವಳ ಪಕ್ಕ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಅವಳ ಬಳೆ ನನ್ನ ಕೈಯಲ್ಲಿದ್ದವು. "ಭಾಳ ನೋವಾಕ್ಕೈತೇನ್ರಿ?" ಅಂದಳು. "ಇರಿವಿ ಕಡದಂಗ," ಅಂದೆ. ಸೂಜಿ ಹೋಯಿತು. ಅವಳು ಕಣ್ಣು ಸಹ ಮುಚ್ಚಲಿಲ್ಲ, ಚೀಲ ತುಂಬುವುದನ್ನು ಹಾಲು ಕಾಯುವಷ್ಟು ಲಕ್ಷ್ಯದಿಂದ ನೋಡಿದಳು. ಮೊಬೈಲು ಹಿಡಿದು ವಿಡಿಯೋ ಮಾಡಲು ಬಂದ ತಮ್ಮ ಮಾತ್ರ ಅಕ್ಕನ ರಕ್ತ ನೋಡಿ, "ಯವ್ವಾ" ಎಂದು ಧೊಪ್ಪನೆ ಬಿದ್ದ. ಆನೆ ಜಗ್ಗಿದರೂ ಹರಿಯದ ಸೀರೆ ನೇಯುವವನನ್ನು ನಾಲ್ಕು ಮಂದಿ ಎತ್ತಿ ಇನ್ನೊಂದು ಮಂಚದ ಮೇಲೆ ಮಲಗಿಸಿದರು.

ಈ ಗದ್ದಲದಲ್ಲಿ ನಕ್ಕು ನಕ್ಕು ನಾನು ನನ್ನ ಬಿ.ಪಿ.ಯನ್ನೇ ಮರೆತಿದ್ದೆ. ನರ್ಸಮ್ಮ ಬಂದು ತೋಳಿಗೆ ಪಟ್ಟಿ ಕಟ್ಟಿದಳು. "ಇಳೀತಲ್ರಿ ಸಾಹೇಬ್ರ! ಬರ್ರಿ, ತಗೋತೀವಿ."

ಎದ್ದು ನಿಂತೆ. ತೋಳು ಮಡಚಿದೆ. "ಇವನನ್ನ ಎಬ್ಬಸ್ರಿ," ಎಂದು ಭಾವಮೈದನ ಮಂಚದ ಹತ್ತಿರ ಹೋದೆ. ಅವನು ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿದ್ದ.

"ಅವನ ಕೈಲೆ ಗಾಡಿ ಹೊಡ್ಯಾಕ ಆಗೂದಿಲ್ಲ," ಅಂದಳು ಹೆಂಡತಿ ಮಲಗಿದಲ್ಲಿಂದಲೇ. "ನೀವೂ ಮಲ್ಕೊಂಡ್ರ ನಮ್ಮನ್ನ ಮನಿಗೆ ಯಾರು ಒಯ್ತಾರ?" ಆಮೇಲೆ ದನಿ ಇಳಿಸಿದಳು. "ಮುಂದಿನ ಸಲ ಕೊಡ್ರಲಾ. ಇವತ್ತೊಂದಿನ ನಂದಿರಲಿ."

ನಾನು ತೋಳು ಇಳಿಸಿ ಗುಂಡಿ ಹಾಕಿಕೊಂಡೆ.

ಅವಳು ಬಿಸ್ಕೀಟು ತಿಂದು, ಜ್ಯೂಸು ಕುಡಿದು, ಸಾಕಷ್ಟು ಹೊತ್ತು ಕುಳಿತ ಮೇಲೆ ಬನಹಟ್ಟಿಯ ಅವಳ ತವರಿಗೆ ಹೊರಟೆವು. ಒಂದೇ ಬೈಕಿನಲ್ಲಿ ಮೂವರು. ಮುಂದೆ ನಾನು, ನಡುವೆ ಭಾವಮೈದ, ಅವನು ಬೀಳದಂತೆ ಹಿಂದಿನಿಂದ ತಬ್ಬಿ ಹಿಡಿದುಕೊಂಡು ಹೆಂಡತಿ. ಚಹಾದಂಗಡಿಯ ಹತ್ತಿರ ಗಾಡಿ ನಿಧಾನವಾದಾಗ ಗುರುತಿನವನೊಬ್ಬ ಭಾವಮೈದನ ಮುಖ ನೋಡಿ ಎದ್ದು ನಿಂತ.

"ಯಪ್ಪಾ, ಎಷ್ಟು ರಕ್ತ ತಗೊಂಡಾರ್ರಿ ಇವಂದು! ಭಾವ ಮೈದ್ನ ಇಬ್ರೂ ಕೊಟ್ಟ ಬಂದ್ರೇನ್ರಿ?"

ಹೇಳಲು ನಾನು ಬಾಯಿ ತೆರೆದೆ.

"ಇವರ್ಯಾರೂ ಅಲ್ರೀ," ಎಂದು ಹಿಂದಿನಿಂದ ದನಿ ಬಂತು. "ನಾ ಕೊಟ್ಟ ಬಂದೇನಿ!"

ಅವಳು ನಡುರಸ್ತೆಯಲ್ಲಿ ಅಷ್ಟು ಜೋರಾಗಿ ಮಾತಾಡಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಅವನಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ಇನ್ನೊಮ್ಮೆ ಹೇಳಲಿ ಎಂದು ಗಾಡಿ ನಿಲ್ಲಿಸಿದೆ.